ಮೂಗಣ್ಣ ಮೂಸಿದ ಎಣ್ಣೆ

‘ಮೂಗಣ್ಣನ ಗ್ಯಾರೇಜು ಎಲ್ಲಿ’ ಎಂದು ಕೇಳಿಕೊಂಡು ಬರುವ ಹೊಸಬರು ಮೊದಲು ಅಯ್ಯೋ ಪಾಪ ಎಂದುಕೊಳ್ಳುತ್ತಿದ್ದರು. ಮಾತು ಬಾರದ ಮನುಷ್ಯ, ಗಾಡಿಯ ಕಾಯಿಲೆಯನ್ನು ಕೈಸನ್ನೆಯಲ್ಲೇ ವಿವರಿಸಬೇಕೇನೋ ಎಂಬ ಚಿಂತೆ ಅವರಿಗೆ. ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತು ಸ್ವಲ್ಪ ಹೊತ್ತಾಗುವುದರೊಳಗೆ, ಈ ಮನುಷ್ಯನ ಬಾಯಿಗೆ ಬೀಗ ಹಾಕುವವರು ಯಾರಾದರೂ ಇದ್ದಾರೆಯೇ ಎಂದು ಅತ್ತಿತ್ತ ನೋಡುವಂತಾಗುತ್ತಿತ್ತು. ಐವತ್ತು ದಾಟಿದ, ತೋಳಿಗೆಲ್ಲ ಗ್ರೀಸ್ ಮೆತ್ತಿಕೊಂಡ, ಹರಟೆಯ ಆಸಾಮಿ. ಹೆಸರು ಬಂದದ್ದು ಅವನ ಮೂಗಿನಿಂದ.

ನೋಡಲು ಆ ಮೂಗಿನಲ್ಲಿ ವಿಶೇಷವೇನೂ ಇರಲಿಲ್ಲ. ಸ್ವಲ್ಪ ದಪ್ಪ, ಅಷ್ಟೆ. ಆದರೆ ಮೋಟಾರ್‌ಸೈಕಲ್ಲಿನ ಎಂಜಿನ್ನಿನಿಂದ ಎಣ್ಣೆ ಅಳೆಯುವ ಕಡ್ಡಿಯನ್ನು ತಿರುಗಿಸಿ ತೆಗೆದು, ಮೂಗಿನ ಕೆಳಗೆ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಎಳೆದನೆಂದರೆ ಸಾಕು, ಒಳಗೆ ಏನಾಗಿದೆ ಎಂದು ಹೇಳಿಬಿಡುತ್ತಿದ್ದ. ಪೆಟ್ರೋಲ್ ಸೇರಿದೆ, ಕ್ಲಚ್ ಸುಡುತ್ತಿದೆ, ನೀರು ಹೋಗಿದೆ. ಅವನಿಗೆ ದೊಡ್ಡ ಹೆಸರು ತಂದುಕೊಟ್ಟದ್ದು ಮಾತ್ರ ಸ್ಟೇಟರ್.

ಎಂಜಿನ್ನಿನ ಎಡಮಗ್ಗುಲಿನ ಮುಚ್ಚಳದೊಳಗೆ ತಾಮ್ರದ ತಂತಿ ಸುತ್ತಿದ ಕಾಯಿಲುಗಳು ಬಳೆಯ ಹಾಗೆ ಸುತ್ತಲೂ ಕೂತಿರುತ್ತವೆ. ಅದೇ ಸ್ಟೇಟರ್. ಅದರ ಸುತ್ತ ಮ್ಯಾಗ್ನೆಟ್ ತಿರುಗಿದರೆ ಕರೆಂಟು ಹುಟ್ಟುತ್ತದೆ, ಆ ಕರೆಂಟು ಬ್ಯಾಟರಿಗೆ ಹೋಗುತ್ತದೆ. ಸ್ಟೇಟರ್ ಸತ್ತರೆ ಬ್ಯಾಟರಿ ಇದ್ದಷ್ಟು ಹೊತ್ತು ಗಾಡಿ ಓಡುತ್ತದೆ, ಆಮೇಲೆ ಎಲ್ಲಿದ್ದರೆ ಅಲ್ಲೇ ಕೈಕೊಡುತ್ತದೆ. ಅದು ಸದಾ ಎಣ್ಣೆಯಲ್ಲಿ ನೆನೆಯುವ ವಸ್ತುವಾದ್ದರಿಂದ, ತಂತಿಯ ಮೇಲಿನ ವಾರ್ನಿಷ್ ಸುಡಲು ಶುರುವಾದರೆ ಆ ಕಮಟು ಎಣ್ಣೆಗೆ ಇಳಿಯುತ್ತದೆ. ಬೇರೆಯವರಿಗೆ ಅದು ಗೊತ್ತಾಗುವ ಹೊತ್ತಿಗೆ ಕಾಯಿಲು ಕರಿಬಿದ್ದಿರುತ್ತದೆ. ಮೂಗಣ್ಣನಿಗೆ ಅದು ಕಂದುವಾಗಲೇ ಗೊತ್ತಾಗುತ್ತಿತ್ತು. ಬಿಚ್ಚಿ ನೋಡಿದರೆ ಒಂದು ಮೂಲೆಯಲ್ಲಿ ಎರಡೇ ಎರಡು ಕಾಯಿಲು ಕಂದಿರುತ್ತಿದ್ದವು, ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಮೂಸುವುದಕ್ಕೂ ಒಂದು ಕಟ್ಟುಪಾಡು ಇತ್ತು. ಅವನು ಕಡ್ಡಿಗೆ ಕೈ ಹಾಕಿದ ಕೂಡಲೇ ಗ್ಯಾರೇಜಿನಲ್ಲಿದ್ದವರೆಲ್ಲ ಎದ್ದು ಹೊರಗೆ ವಿದ್ಯುತ್ ಕಂಬದ ಹತ್ತಿರ ಹೋಗಿ ನಿಲ್ಲಬೇಕು. ಒಬ್ಬನ ತಲೆಯ ಎಣ್ಣೆ, ಇನ್ನೊಬ್ಬನ ಸಿಗರೇಟು, ಮತ್ತೊಬ್ಬನ ಬೆವರು, ಇವೆಲ್ಲ ಸೇರಿ ಮೂಗಿನ ದಾರಿ ತಪ್ಪಿಸುತ್ತವೆ ಎಂಬುದು ಅವನ ವಾದ. ಮೂಸಿ ಆದಮೇಲೆ ಕಡ್ಡಿ ಒರೆಸಿ, ತಿರುಗಿಸಿ ಬಿಗಿದು, ತೀರ್ಪು ಕೊಡುತ್ತಿದ್ದ. ಆ ಕಡ್ಡಿಯನ್ನು ಆ ಗ್ಯಾರೇಜಿನಲ್ಲಿ ಬೇರೆ ಯಾರೂ ಮೂಸಿದ್ದಿಲ್ಲ. ಅಷ್ಟು ಧೈರ್ಯವೂ ಯಾರಿಗೂ ಇರಲಿಲ್ಲವೆನ್ನಿ.

ಇದನ್ನು ಕಂಡು ಒಳಗೊಳಗೇ ಕುದಿಯುತ್ತಿದ್ದವನು ಒಬ್ಬನೇ, ಅವನ ಹೆಂಡತಿಯ ತಮ್ಮ. ಭಾವಮೈದುನರಿಬ್ಬರೂ ಸೇರಿಯೇ ಗ್ಯಾರೇಜು ನಡೆಸುತ್ತಿದ್ದರು. ಅವನು ತರಬೇತಿ ಮುಗಿಸಿ ಬಂದವನು, ಶರಟಿನ ಜೇಬಿನಲ್ಲಿ ಸದಾ ಒಂದು ಮೀಟರು, ಅದರಿಂದ ನೇತಾಡುವ ಕೆಂಪು ಕಪ್ಪು ತಂತಿ. ಮೂಗಣ್ಣ ಅವನಿಗೆ ‘ಮೀಟರ್’ ಎಂದೇ ಹೆಸರಿಟ್ಟಿದ್ದ, ಬೀದಿಯೂ ಹಾಗೆಯೇ ಕರೆಯುತ್ತಿತ್ತು. ‘ಬ್ಯಾಟರಿ ಮುಟ್ಟಿದ ಮೇಲೆ ಬ್ಯಾಟರಿ ಬದುಕಿದೆ ಅಂತ ಹೇಳೋಕೆ ನಿನಗೆ ಆ ಡಬ್ಬಿ ಬೇಕೇನೋ’ ಎಂದು ಗಿರಾಕಿಗಳ ಮುಂದೆಯೇ ಕಿಚಾಯಿಸುತ್ತಿದ್ದ. ಮೀಟರ್ ನಗುತ್ತಿದ್ದ. ಅಕ್ಕನ ಗಂಡ, ಏನು ಮಾಡುವುದು.

ಹೀಗಿರುವಾಗ ಮೂಗಣ್ಣನಿಗೆ ಒಮ್ಮೆ ಕೆಟ್ಟ ಜ್ವರ ಬಂತು. ಹಾಸಿಗೆ ಹಿಡಿದವನು ಎದ್ದ, ಮೈ ಸರಿಹೋಯಿತು, ಬಾಯಿಯೂ ಮೊದಲಿನಂತೆ ಓಡತೊಡಗಿತು. ಗ್ಯಾರೇಜಿಗೆ ಹೋದ ಮೊದಲ ದಿನ ಒಂದು ಗಾಡಿಯ ಕಡ್ಡಿ ತೆಗೆದು ಮೂಗಿಗೆ ಹಿಡಿದ. ಏನೂ ಇಲ್ಲ. ಎಣ್ಣೆಯ ವಾಸನೆ ಬಿಡಿ, ಪೆಟ್ರೋಲ್ ವಾಸನೆಯೂ ಇಲ್ಲ. ಗಾಳಿ ಮೂಗಿನೊಳಗೆ ಹೋಗುತ್ತಿತ್ತು, ಬರುತ್ತಿತ್ತು. ನೆಗಡಿ ಇನ್ನೂ ಇಳಿದಿಲ್ಲವೆಂದು ಸಮಾಧಾನ ಮಾಡಿಕೊಂಡು, ಗಾಡಿಯವನನ್ನು ನಾಲ್ಕು ಪ್ರಶ್ನೆ ಕೇಳಿ, ಊಹೆಯ ಮೇಲೆ ‘ಕ್ಲಚ್ ಪ್ಲೇಟು’ ಎಂದ. ಊಹೆ ಸರಿಯಾಯಿತು.

ನೆಗಡಿ ಇಳಿಯಿತು, ವಾಸನೆ ಬರಲಿಲ್ಲ. ಸ್ನಾನದ ಸೋಪು ಕಲ್ಲಿನ ತುಂಡಿನ ಹಾಗಿತ್ತು. ಒಂದು ಬೆಳಿಗ್ಗೆ ಹೆಂಡತಿ ಒಲೆಯ ಮೇಲೆ ಹಾಲಿಟ್ಟು ಮಹಡಿಗೆ ಬಟ್ಟೆ ಹರವಲು ಹೋಗಿದ್ದಳು. ಅಡುಗೆಮನೆಯ ಬಾಗಿಲಲ್ಲೇ ಕೂತು ಪೇಪರ್ ಓದುತ್ತಿದ್ದ ಮೂಗಣ್ಣನಿಗೆ ಹಾಲು ಉಕ್ಕಿ, ಬತ್ತಿ, ತಳಹಿಡಿದು ಸೀದು ಕರಕಾಗುವವರೆಗೂ ಏನೂ ತಿಳಿಯಲಿಲ್ಲ. ಅವಳು ಮಹಡಿಯಿಂದಲೇ ವಾಸನೆ ಹಿಡಿದು ಓಡಿಬಂದಳು.

‘ರೀ, ಮೂಗನ್ನ ಗ್ಯಾರೇಜಲ್ಲೇ ಬಿಟ್ಟು ಬಂದಿದೀರಾ?’

‘ಪೇಪರ್ ಓದ್ತಿದ್ದೆ ಕಣೆ, ಗಮನ ಇರ್ಲಿಲ್ಲ.’

ಅವಳು ಪಾತ್ರೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಪಾತ್ರೆಗೆ ನೀರು ಹೊಯ್ದು ನೆನೆಹಾಕಿದಳು. ಸದ್ಯ ಬಚಾವಾದೆ ಎಂದುಕೊಂಡು ಅವನು ಪೇಪರ್ ಮಡಿಸಿದ.

ಆಮೇಲಿನ ದಿನಗಳು ಕಳ್ಳನ ದಿನಗಳು. ಗಿರಾಕಿ ಬಂದರೆ ಮೊದಲಿನ ಹಾಗೆಯೇ ಎಲ್ಲರನ್ನೂ ಕಂಬದ ಹತ್ತಿರ ಕಳಿಸುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಉಸಿರೆಳೆಯುತ್ತಿದ್ದ, ತಲೆಯಾಡಿಸುತ್ತಿದ್ದ. ಎಲ್ಲ ನಾಟಕ. ಇಷ್ಟು ವರ್ಷದ ಅನುಭವವಿತ್ತು, ಕಿವಿಯಿತ್ತು, ಕಣ್ಣಿತ್ತು, ಊಹೆ ಬಹಳಷ್ಟು ಸಲ ಸರಿಯಾಗುತ್ತಿತ್ತು. ತಪ್ಪಿದಾಗ ‘ಎರಡು ಕಾಯಿಲೆ ಒಟ್ಟಿಗೆ ಸೇರ್ಕೊಂಡಿತ್ತು’ ಎಂದು ಜಾರಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಮೀಟರ್ ಊಟಕ್ಕೆ ಹೋದಾಗ ಅವನ ಮೀಟರನ್ನು ಎತ್ತಿಕೊಂಡು ಶೆಡ್ಡಿನ ಹಿಂದಕ್ಕೆ ಹೋದ. ಚಕ್ರವನ್ನು ಎಲ್ಲಿಗೋ ತಿರುಗಿಸಿ ಎರಡೂ ತಂತಿಗಳನ್ನು ಒಂದಕ್ಕೊಂದು ತಾಗಿಸಿದ್ದೇ ತಡ, ಅದು ‘ಕೀಂ’ ಎಂದು ಕಿರುಚಿಕೊಂಡಿತು. ಮೂಗಣ್ಣ ಎದೆ ಹಿಡಿದುಕೊಂಡು ಅದನ್ನು ಇದ್ದ ಜಾಗದಲ್ಲೇ ಇಟ್ಟು ಬಂದ. ಇಷ್ಟು ದಿನ ಹಂಗಿಸಿದವನನ್ನೇ ‘ಇದನ್ನ ಹೇಗೆ ಹಿಡಿಯೋದು ಹೇಳಿಕೊಡಪ್ಪ’ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಹೇಳಿಬಿಡಬಹುದಿತ್ತಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮೂಗಿಲ್ಲದ ಮೂಗಣ್ಣನೆಂದರೆ ಯಾರು? ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅವನ ಒಬ್ಬಳೇ ಮಗಳು ಮೋಟಾರ್‌ಸೈಕಲ್ ಓಡಿಸುತ್ತಿದ್ದಳು. ಅದು ಅವಳ ಹೊಟ್ಟೆಪಾಡು. ಚಿಕ್ಕ ಚಿಕ್ಕ ಕ್ಲಿನಿಕ್ಕುಗಳಲ್ಲಿ ತೆಗೆದ ರಕ್ತದ ಮಾದರಿಗಳನ್ನು ಐಸ್ ಡಬ್ಬಿಯಲ್ಲಿ ತುಂಬಿಕೊಂಡು ದೊಡ್ಡ ಲ್ಯಾಬಿಗೆ ಮುಟ್ಟಿಸುವ ಕೆಲಸ. ಗಾಡಿ ಅಪ್ಪನದೇ, ಅಪ್ಪನೇ ಕೂರಿಸಿ ಕಲಿಸಿದ್ದು. ಬೇರೆ ಗ್ಯಾರೇಜಿನ ನೆರಳನ್ನೂ ಆ ಗಾಡಿ ಕಂಡಿರಲಿಲ್ಲ. ಯಾರಾದರೂ ‘ಅಷ್ಟು ದೂರ ಒಬ್ಬಳೇ ಹೋಗ್ತೀಯಲ್ಲಮ್ಮ, ದಾರೀಲಿ ಕೆಟ್ಟುನಿಂತ್ರೆ?’ ಎಂದರೆ ನಕ್ಕು, ‘ಕೆಡೋ ಮುಂಚೆನೇ ನಮ್ಮಪ್ಪಂಗೆ ವಾಸನೆ ಬಂದಿರುತ್ತೆ’ ಎನ್ನುತ್ತಿದ್ದಳು.

ಅವಳು ಒಂದು ಸಂಜೆ ಗಾಡಿಯನ್ನು ತಂದು ನಿಲ್ಲಿಸಿದಳು. ‘ಅಪ್ಪಾ, ಬೆಳಿಗ್ಗೆ ಸೆಲ್ಫ್ ಎತ್ತುತ್ತಿಲ್ಲ. ತಳ್ಳಿ ಸ್ಟಾರ್ಟ್ ಮಾಡ್ತಿದೀನಿ. ನಾಳೆ ದೂರದ ರೂಟು ಬೇರೆ.’

ಮೂಗಣ್ಣ ಕಡ್ಡಿಗೆ ಕೈ ಹಾಕಿದ. ಮಗಳು ತಾನಾಗಿಯೇ ಕಂಬದ ಹತ್ತಿರ ಹೋಗಿ ನಿಂತಳು. ಮೀಟರ್ ಮಾತ್ರ ಎರಡು ಹೆಜ್ಜೆ ಹೋದವನು ತಿರುಗಿ, ‘ಭಾವ, ದೂರದ ದಾರಿ. ಒಂದು ಸಲ ಮೀಟರ್ ಹಿಡಿದುಬಿಡೋಣ’ ಎಂದ.

‘ನನ್ನ ಮಗಳ ಗಾಡಿಗೆ ನಿನ್ನ ಡಬ್ಬಿ ಬೇಡ, ಅತ್ಲಾಗೆ ನಡಿ.’

ಕಣ್ಣು ಮುಚ್ಚಿ ಎಳೆದ. ಎಂದಿನಂತೆ ಖಾಲಿ. ಒಂದು ಗಳಿಗೆ ಅವನ ಕೈ ನಿಂತಿತು. ಬ್ಯಾಟರಿ ಹಳೆಯದು, ತೊಂದರೆ ಬೆಳಗಿನ ಹೊತ್ತು, ಹೆಚ್ಚಿನ ಗಾಡಿಗಳಲ್ಲಿ ಇದು ಬ್ಯಾಟರಿಯೇ. ‘ಸ್ಟೇಟರ್ ಗುಂಡುಕಲ್ಲಿನ ಹಾಗಿದೆ. ಬ್ಯಾಟರಿ ಹೋಗಿದೆ ಅಷ್ಟೆ’ ಎಂದು ಕೂಗಿ ಹೇಳಿದ. ಎದುರಿನ ಬ್ಯಾಟರಿ ಅಂಗಡಿಯವನು ಹೊಸದೊಂದನ್ನು ತಾನೇ ಹೊತ್ತುಕೊಂಡು ಬಂದು ಕೂರಿಸಿದ. ಗುಂಡಿ ಒತ್ತಿದ ಕೂಡಲೇ ಗಾಡಿ ಎದ್ದು ಕೂತಿತು. ಮಗಳು ಅಪ್ಪನ ಬೆನ್ನು ತಟ್ಟಿ ಮನೆಗೆ ಹೋದಳು.

ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು.

ದೊಡ್ಡ ವೃತ್ತವೊಂದರಲ್ಲಿ ಅವಳು ತಿರುವು ತೆಗೆದುಕೊಳ್ಳುತ್ತಿದ್ದಳಂತೆ. ಮೊದಲು ಹಾರನ್ನಿನ ಸದ್ದು ಕ್ಷೀಣವಾಯಿತು, ಆಮೇಲೆ ಎಂಜಿನ್ ಕೆಮ್ಮಿತು, ನಡುವೃತ್ತದಲ್ಲಿ ನಿಂತೇ ಹೋಯಿತು. ಹಿಂದಿನ ವ್ಯಾನಿನವನು ಬ್ರೇಕ್ ಒತ್ತಿದರೂ ತಾಗಿತು. ಗಾಡಿ ಬಲಕ್ಕೆ ಉರುಳಿ ಅವಳ ಕಾಲಿನ ಮೇಲೆ ಬಿತ್ತು, ಮಂಡಿಯ ಕೆಳಗಿನ ಮೂಳೆ ಮುರಿಯಿತು. ಐಸ್ ಡಬ್ಬಿ ರಸ್ತೆಯಲ್ಲಿ ಒಡೆದು ಚೆಲ್ಲಿತ್ತು. ಅಪ್ಪ ಅಮ್ಮ ಓಡಿಹೋಗಿ ನೋಡಿದಾಗ ಅವಳು ಅಳುತ್ತಿದ್ದದ್ದು ಕಾಲಿಗಲ್ಲ, ‘ಆ ಜನ ಎಲ್ಲ ಮತ್ತೆ ಸೂಜಿ ಚುಚ್ಚಿಸ್ಕೋಬೇಕಲ್ಲಮ್ಮ, ಅದ್ರಲ್ಲಿ ಒಂದು ಹಸುಗೂಸಿಂದೂ ಇತ್ತು’ ಎಂದು.

ಯಾಕೆ ನಿಂತಿತು ಎಂದು ಮೂಗಣ್ಣನನ್ನು ಯಾರೂ ಕೇಳಲಿಲ್ಲ. ಮಗಳೇ ತೀರ್ಮಾನ ಮಾಡಿಬಿಟ್ಟಿದ್ದಳು. ‘ಹೊಸ ಬ್ಯಾಟರಿನೇ ಸರಿಯಿಲ್ಲ ಅಪ್ಪಾ. ಸ್ಟೇಟರ್ ಅಂತೂ ಅಲ್ಲ, ನೀನು ಮೂಸಿದೀಯಲ್ಲ.’ ಅವನು ಅವಳ ಹೊದಿಕೆ ಸರಿಮಾಡಿದ.

ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ಗ್ಯಾರೇಜಿನ ಮೂಲೆಯಲ್ಲಿ ಇಳಿಸಿದರು. ‘ಬಿಚ್ಚಿ ನೋಡೋಣ ಭಾವ’ ಎಂದ ಮೀಟರ್, ಮೆಲ್ಲಗೆ. ‘ಅದು ಕಣ್ಣಿಗೆ ಬಿದ್ರೆ ಹೊಟ್ಟೆ ಉರಿಯುತ್ತೆ, ಮುಚ್ಚಿಡು’ ಎಂದು ಮೂಗಣ್ಣ ತಾನೇ ಅದರ ಮೇಲೆ ಟಾರ್ಪಾಲು ಎಳೆದ. ಬ್ಯಾಟರಿಯನ್ನು ಅಂಗಡಿಯವನು ಬಂದು ಬಿಚ್ಚಿಕೊಂಡು ಹೋದ. ದಿನಗಳು ಹೋದವು, ಟಾರ್ಪಾಲು ಹಾಗೆಯೇ ಇತ್ತು.

ಮಗಳು ಮನೆಗೆ ಬಂದ ವಾರದಲ್ಲಿ ಬ್ಯಾಟರಿ ಅಂಗಡಿಯವನು ನೋಡಲು ಬಂದ. ಒಂದು ಚೀಲ ಹಣ್ಣು ತಂದಿದ್ದ. ಮೂಗಣ್ಣನಿಗಿಂತ ಸ್ವಲ್ಪ ಹಿರಿಯ, ಮಿತಭಾಷಿ, ಆ ಬೀದಿಯಲ್ಲಿ ಇವರಿಬ್ಬರೂ ಒಂದೇ ವರ್ಷ ಅಂಗಡಿ ತೆರೆದವರು. ಹಾಸಿಗೆಯ ಪಕ್ಕ ನಿಂತು ಹುಡುಗಿಯ ಪ್ಲಾಸ್ಟರ್ ಕಾಲನ್ನು ನೋಡುತ್ತ ಅವನು ಎರಡೂ ಕೈ ಮುಗಿದ.

‘ನನ್ನ ಅಂಗಡಿ ಮಾಲಿನಿಂದ ಹೀಗಾಯ್ತಲ್ಲ ತಾಯಿ. ನನ್ನ ಕ್ಷಮಿಸಿಬಿಡು.’

‘ಅಯ್ಯೋ ಬಿಡಿ ದೊಡ್ಡಪ್ಪ, ನೀವು ಮಾಡಿದ ಬ್ಯಾಟರಿನಾ ಅದು?’ ಎಂದಳು ಹುಡುಗಿ.

ಅವನು ಮೂಗಣ್ಣನ ಕಡೆ ತಿರುಗಿದ. ‘ವಾಪಸ್ ತಂದು ಚಾರ್ಜಿಗೆ ಹಾಕಿ ನೋಡ್ದೆ ಕಣಯ್ಯ. ನನ್ನ ಕಣ್ಣಿಗೆ ಅದು ಚೆನ್ನಾಗೇ ಇದೆ, ಚಾರ್ಜು ನಿಂತಿದೆ. ಆದ್ರೂ ನೀನು ಮೂಸಿದ ಮೇಲೆ ಇನ್ನೇನಿದೆ? ತಪ್ಪು ನನ್ನದೇ ಇರಬೇಕು. ಆ ಮಾಲನ್ನೆಲ್ಲ ಕಪಾಟಿನಿಂದ ಕೆಳಗಿಳಿಸಿದೀನಿ, ಯಾರಿಗೂ ಕೊಡ್ತಿಲ್ಲ.’

ಆ ಕೋಣೆಯಲ್ಲಿ ಆಗ ಒಂದು ಮಾತು ಹೇಳಬೇಕಿತ್ತು. ಹೇಳಬೇಕಾದವನು ಕಿಟಕಿಯ ಹತ್ತಿರ ಹೋಗಿ ಪರದೆ ಸರಿಸಿ, ‘ಬಿಸಿಲು ಜಾಸ್ತಿ’ ಎಂದ. ಅಂಗಡಿಯವನು ನೀರನ್ನೂ ಕುಡಿಯದೆ ಹೋದ. ಅವನು ಚಪ್ಪಲಿ ಮೆಟ್ಟಿಕೊಳ್ಳುವಾಗ ಮೂಗಣ್ಣನಿಗೆ ತನ್ನ ಮೇಲೆ ಎಂಥ ಅಸಹ್ಯ ಹುಟ್ಟಿತೆಂದರೆ, ಊಟಕ್ಕೆ ಕೂತು ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಟ್ಟ. ಹೆಂಡತಿ ತಟ್ಟೆ ತೆಗೆದುಕೊಂಡು ಹೋದಳು, ಯಾಕೆ ಎನ್ನಲಿಲ್ಲ.

ಮರುದಿನ ಅವನೇ ಟಾರ್ಪಾಲು ತೆಗೆದ. ಮನೆಯಲ್ಲಿ ಕೂತು ಬೇಸತ್ತಿದ್ದ ಮಗಳು ‘ನಾನೂ ಬರ್ತೀನಿ, ನನ್ನ ಗಾಡಿಗೇನಾಗಿದೆ ನೋಡ್ಬೇಕು’ ಎಂದು ಹಟ ಹಿಡಿದು ಆಟೋದಲ್ಲಿ ಬಂದು, ಗೋಡೆ ಪಕ್ಕದ ಬೆಂಚಿನ ಮೇಲೆ ಪ್ಲಾಸ್ಟರ್ ಕಾಲು ನೀಡಿ ಕೂತಿದ್ದಳು. ಊರುಗೋಲನ್ನು ಯಾರೋ ದೂರದ ಮೂಲೆಗೆ ಆನಿಸಿದ್ದರು. ಬ್ಯಾಟರಿ ಅಂಗಡಿಯವನು ಚಾರ್ಜು ತುಂಬಿಸಿದ ಅದೇ ಬ್ಯಾಟರಿಯನ್ನು ತಂದುಕೊಟ್ಟು, ಏನು ಸಿಗುತ್ತದೋ ಎಂದು ಅಲ್ಲೇ ನಿಂತ.

ಮೀಟರ್ ಬ್ಯಾಟರಿ ಕೂರಿಸಿ ಗಾಡಿ ಎಬ್ಬಿಸಿದ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ ಎಂದು ಕಾದ. ಆಮೇಲೆ ಕೆಂಪು ತಂತಿಯನ್ನು ಬ್ಯಾಟರಿಯ ಒಂದು ತುದಿಗೆ, ಕಪ್ಪನ್ನು ಇನ್ನೊಂದಕ್ಕೆ ಹಿಡಿದು, ‘ಭಾವ, ಎಕ್ಸಲೇಟರ್ ಕೊಡಿ’ ಎಂದ. ಮೂಗಣ್ಣ ಕೊಟ್ಟ. ಎಂಜಿನ್ ಜೋರಾದಂತೆ ಮೀಟರಿನ ಅಂಕಿ ಹದಿನಾಲ್ಕು ವೋಲ್ಟಿಗೆ ಏರಬೇಕಿತ್ತು. ಅದು ಹನ್ನೆರಡರಲ್ಲೇ ನಿಂತು, ಇನ್ನೂ ಸ್ವಲ್ಪ ಇಳಿಯಿತು.

‘ಚಾರ್ಜು ಹೋಗ್ತಿಲ್ಲ’ ಎಂದ ಮೀಟರ್. ‘ಒಂದೋ ಸ್ಟೇಟರ್ ಹೋಗಿದೆ, ಇಲ್ಲಾ ರೆಗ್ಯುಲೇಟರ್.’

ಮುಳುಗುತ್ತಿದ್ದ ಮೂಗಣ್ಣನಿಗೆ ಆ ಕೊನೆಯ ಶಬ್ದ ಹಗ್ಗದಂತೆ ಸಿಕ್ಕಿತು. ರೆಗ್ಯುಲೇಟರ್ ಎಂದರೆ ಬ್ಯಾಟರಿಗೆ ಹೋಗುವ ಕರೆಂಟನ್ನು ಹದಕ್ಕೆ ತರುವ, ಎಂಜಿನ್ನಿನ ಹೊರಗೆ ಇರುವ ಡಬ್ಬಿ. ಅದು ಸುಟ್ಟರೆ ಎಣ್ಣೆಗೆ ವಾಸನೆ ಬರುವುದೇ ಇಲ್ಲ. ಹಾಗಾದರೆ ಅಂದು ಮೂಸಿದ್ದೂ ತಪ್ಪಲ್ಲ, ಮೂಗು ಇದ್ದಿದ್ದರೂ ಅದೇ ತೀರ್ಪು. ಅವನ ಮುಖಕ್ಕೆ ಎಷ್ಟೋ ದಿನದ ಮೇಲೆ ಕಳೆ ಬಂತು.

‘ರೆಗ್ಯುಲೇಟರೇ. ತಡಿ, ಇನ್ನೊಂದು ಸಲ ನೋಡೇಬಿಡ್ತೀನಿ. ಎಲ್ಲ ಅತ್ಲಾಗೆ ನಡೀರಿ.’

ಮೀಟರ್ ಮತ್ತು ಅಂಗಡಿಯವನು ಹಳೆಯ ರೂಢಿಯಂತೆ ಕಂಬದ ಹತ್ತಿರ ಹೋದರು. ಮಗಳು ಊರುಗೋಲಿನ ಕಡೆ ಒಮ್ಮೆ ನೋಡಿ, ಎಟುಕುವುದಿಲ್ಲವೆಂದು ಕೂತಲ್ಲೇ ಕೂತಳು. ಮೂಗಣ್ಣ ಗಾಡಿ ಆರಿಸಿ, ಬಿಸಿ ಎಂಜಿನ್ನಿನಿಂದ ಕಡ್ಡಿ ತಿರುಗಿಸಿ ತೆಗೆದ, ಆ ತೂತಿನಿಂದ ಸಣ್ಣ ಹೊಗೆಯೂ ಎದ್ದಿತು. ಕಣ್ಣು ಮುಚ್ಚಿ ಆಳವಾಗಿ ಎಳೆದ.

‘ಎಣ್ಣೆ ಪರಿಶುದ್ಧ!’ ಎಂದ, ಕಂಬದವರೆಗೂ ಕೇಳುವಂತೆ.

ಕಣ್ಣು ತೆರೆದಾಗ ಮಗಳು ಅಂಗೈಯಿಂದ ಮೂಗು ಮುಚ್ಚಿಕೊಂಡಿದ್ದಳು. ಕಮಟು ಎಷ್ಟಿತ್ತೆಂದರೆ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಅಪ್ಪನನ್ನೇ ನೋಡುತ್ತ ಮೆಲ್ಲಗೆ ಕೈ ಕೆಳಗಿಳಿಸಿದಳು.

‘ಅಪ್ಪಾ, ಇನ್ನೊಂದು ಸಲ ಮೂಸು.’

ಅವನು ಮೂಸಿದ. ‘ಏನಿಲ್ಲಮ್ಮ.’

‘ಏನೂ ಇಲ್ವಾ?’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ಮೂಗಣ್ಣ ಕೈಯಲ್ಲಿದ್ದ ಕಡ್ಡಿಯನ್ನು ಈಗ ಕಣ್ಣಿನಿಂದ ನೋಡಿದ. ಎಣ್ಣೆ ಕಪ್ಪಗಿತ್ತು. ಓಡಿದ ಗಾಡಿಯ ಎಣ್ಣೆ ಎಲ್ಲವೂ ಕಪ್ಪೇ, ಅದರಿಂದ ಏನೂ ತಿಳಿಯುವುದಿಲ್ಲ. ತಿಳಿದದ್ದು ಅವಳ ಮುಖದಿಂದ. ಅವಳಿಗೆ ಎಲ್ಲ ಅರ್ಥವಾಗಿದೆ, ಇಂದಿನದೂ ಅಂದಿನದೂ. ಆದರೂ ಅವಳು ಕಂಬದ ಕಡೆ ತಿರುಗಿ ಯಾರನ್ನೂ ಕರೆಯಲಿಲ್ಲ, ಅಪ್ಪನ ಬಾಯನ್ನೇ ನೋಡುತ್ತ ಕೂತಳು.

ಕಂಬದ ಹತ್ತಿರದಿಂದ ಬ್ಯಾಟರಿ ಅಂಗಡಿಯವನು ಹೇಳಿದ, ‘ಹಾಗಾದ್ರೆ ಸ್ಟೇಟರ್ ಅಲ್ಲ. ಆ ರೆಗ್ಯುಲೇಟರನ್ನ ಸುಟ್ಟಿದ್ದೂ ನನ್ನ ಬ್ಯಾಟರಿನೇ ಇರಬೇಕು ಬಿಡಪ್ಪ. ಏನು ಗ್ರಹಚಾರವೋ.’

ಮೂಗಣ್ಣ ಒಂದು ಸಲ ಹೂಂ ಎಂದಿದ್ದರೆ ಅದು ಹಾಗೆಯೇ ನಡೆದುಹೋಗುತ್ತಿತ್ತು. ಮಗಳು ಸುಮ್ಮನಿರುತ್ತಿದ್ದಳೇನೋ, ಮೀಟರಿಗೆ ತಿಳಿದರೂ ಅಕ್ಕನ ಗಂಡನೆಂದು ನುಂಗಿಕೊಳ್ಳುತ್ತಿದ್ದ. ಮೂಗಣ್ಣ ಕಡ್ಡಿಯನ್ನು ಕಂಬದ ಕಡೆಗೆ ಚಾಚಿದ.

‘ನಿನ್ನ ಬ್ಯಾಟರಿದು ಏನೂ ತಪ್ಪಿಲ್ಲ ಕಣಯ್ಯ. ಬಾ ಇಲ್ಲಿ. ಇಬ್ರೂ ಬನ್ನಿ, ಬಂದು ಮೂಸಿ ನೋಡಿ.’

ಅವರು ಬಂದರು. ಮೀಟರ್ ಕಡ್ಡಿಯನ್ನು ಮೂಗಿನ ಹತ್ತಿರ ತಂದವನೇ ತಲೆ ಹಿಂದಕ್ಕೆಳೆದ. ಅಂಗಡಿಯವನು ಅಷ್ಟು ಹತ್ತಿರವೂ ಬರಬೇಕಾಗಲಿಲ್ಲ.

‘ಸುಟ್ಟಿದೆ ತಾನೇ?’ ಎಂದು ಮೂಗಣ್ಣ ಕೇಳಿದ. ‘ನನಗೆ ಗೊತ್ತಾಗಲ್ಲ. ಆ ಜ್ವರ ಬಂದಾಗಿಂದ ನನಗೆ ಯಾವ ವಾಸನೆನೂ ಬರ್ತಿಲ್ಲ. ಅವತ್ತೂ ಬಂದಿರ್ಲಿಲ್ಲ. ಸುಳ್ಳು ಹೇಳ್ದೆ.’

ಮೀಟರ್ ತಲೆ ತಗ್ಗಿಸಿದ. ಬ್ಯಾಟರಿ ಅಂಗಡಿಯವನು ಮೊದಲು ತಮಾಷೆಯೇನೋ ಎಂದು ನಗಲು ಹೋದ. ಆಮೇಲೆ ಕೇಳಿದ, ‘ಹಾಗಾದ್ರೆ ನಿನ್ನೆ ನಿನ್ನ ಮನೇಲಿ ನಾನು ಕೈ ಮುಗಿದು ನಿಂತಾಗ, ನಿನಗೆ ಗೊತ್ತಿತ್ತಾ?’

‘ಅನುಮಾನ ಇತ್ತು.’

ಅಂಗಡಿಯವನು ಎರಡೂ ಕಡೆ ವಾಹನ ನೋಡಿಕೊಂಡು ರಸ್ತೆ ದಾಟಿ ಅಂಗಡಿಗೆ ಹೋದ. ಸ್ವಲ್ಪ ಹೊತ್ತಿಗೆ ಅವನು ಏಣಿ ಹಾಕಿಕೊಂಡು ಬ್ಯಾಟರಿಗಳನ್ನು ಒಂದೊಂದಾಗಿ ಕಪಾಟಿಗೆ ಏರಿಸುವುದು ಇಲ್ಲಿಗೂ ಕಾಣಿಸುತ್ತಿತ್ತು.

ಇತ್ತ ಮೀಟರ್ ಸೀಟಿನ ಕೆಳಗೆ ಸ್ಟೇಟರಿನಿಂದ ಬರುವ ಮೂರು ಹಳದಿ ತಂತಿಗಳ ಜೋಡಣೆ ಬಿಡಿಸಿ, ಒಂದೊಂದನ್ನೂ ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ನೋಡಿದ. ಕೂಗಬಾರದ ಮೀಟರು ಕೂಗಿತು. ಒಳಗೆ ತಂತಿ ಬೆತ್ತಲಾಗಿ ಕಬ್ಬಿಣಕ್ಕೆ ಅಂಟಿದೆ ಎಂದು ಅದರ ಅರ್ಥ. ಮೂಗಣ್ಣ ಕೇಳದೆಯೇ ಬಾಂಡ್ಲಿ ಇಟ್ಟು ಎಣ್ಣೆ ಇಳಿಸಿದ. ಎಡ ಮುಚ್ಚಳದ ಬೋಲ್ಟುಗಳು ಒಂದೊಂದು ಒಂದೊಂದು ಉದ್ದ, ಬೆರೆತರೆ ಕಷ್ಟ. ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದುಕೊಂಡು ಬಿಚ್ಚಿದ ಬಿಚ್ಚಿದ ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚುತ್ತ ಹೋದ. ಒಳಗಿನ ಮ್ಯಾಗ್ನೆಟ್ ಮುಚ್ಚಳವನ್ನು ಬಿಡಲೊಲ್ಲೆ ಎಂದು ಎಳೆಯಿತು. ಇಬ್ಬರೂ ಎರಡು ಕಡೆ ಹಿಡಿದು ಜಗ್ಗಿದಾಗ ಕಿತ್ತುಕೊಂಡು ಬಂತು.

ಮುಚ್ಚಳದ ಒಳಮೈಯಲ್ಲಿ ಸ್ಟೇಟರ್ ಇತ್ತು. ಒಂದು ಕಡೆ ಮೂರ್ನಾಲ್ಕು ಕಾಯಿಲು ಮಾತ್ರ ತಾಮ್ರದ ಬಣ್ಣ ಉಳಿಸಿಕೊಂಡಿದ್ದವು, ಉಳಿದವೆಲ್ಲ ಇದ್ದಿಲು. ಒಂದೆರಡು ದಿನದಲ್ಲಿ ಸುಟ್ಟದ್ದಲ್ಲ ಅದು, ತಿಂಗಳುಗಟ್ಟಲೆ ಬೇಯುತ್ತ ಬಂದದ್ದು. ಮಗಳಿಗೆ ಕಾಣಲಿ ಎಂದು ಮೂಗಣ್ಣ ಮುಚ್ಚಳವನ್ನು ಅವಳ ಹತ್ತಿರ ಹಿಡಿದ. ಅವಳು ಒಂದು ಕಾಯಿಲನ್ನು ಉಗುರಿನಿಂದ ಕೆರೆದಳು, ಕಪ್ಪು ಪುಡಿ ಉದುರಿತು.

‘ಅಮ್ಮಂಗೆ ಗೊತ್ತಾ?’ ಎಂದಳು.

‘ಇಲ್ಲ.’

ಹೊಸ ಸ್ಟೇಟರ್ ಬರುವುದರೊಳಗೆ ಅವನು ಹಳೆಯ ಗ್ಯಾಸ್ಕೆಟ್ಟನ್ನು ಮುಚ್ಚಳದ ಅಂಚಿನಿಂದ ಕೆರೆದು ತೆಗೆಯುತ್ತ ಕೂತ. ಮೀಟರ್ ರೆಗ್ಯುಲೇಟರನ್ನೂ ಪರೀಕ್ಷೆ ಮಾಡಿದ, ಅದು ಸರಿಯಿತ್ತು. ಮ್ಯಾಗ್ನೆಟ್ಟಿಗೆ ಯಾವ ಚೂರೂ ಅಂಟಿಲ್ಲವೆಂದು ಬೆರಳಾಡಿಸಿ ನೋಡಿದ. ಹೊಸತನ್ನು ಕೂರಿಸಿ, ತಂತಿ ಹೊರಬರುವ ಕಡೆ ರಬ್ಬರನ್ನು ಒತ್ತಿ, ಮುಚ್ಚಳ ಬಿಗಿದು, ಎಣ್ಣೆ ತುಂಬಿ ಎಬ್ಬಿಸಿದಾಗ ಅಂಕಿ ಹದಿನಾಲ್ಕು ದಾಟಿ ನಿಂತಿತು. ಯಾರೂ ಭೇಷ್ ಎನ್ನಲಿಲ್ಲ.

ಆ ಸಂಜೆ ಅವನು ಹೆಂಡತಿಗೂ ಹೇಳಿದ. ಅವಳು ಗೋಡೆಗೆ ಒರಗಿ ಕೂತು, ‘ಹಾಲು ಸೀದ ದಿನಾನೇ ನನಗೆ ಗೊತ್ತಾಯ್ತು. ನೀವಾಗೇ ಹೇಳ್ತೀರಿ, ಕೇಳಿ ನೋಯಿಸೋದು ಬೇಡ ಅಂತ ಸುಮ್ಮನಿದ್ದೆ’ ಎಂದಳು. ಆಮೇಲೆ, ‘ನಾನಾದ್ರೂ ಬಾಯಿ ಬಿಟ್ಟಿದ್ರೆ ನನ್ನ ಮಗಳ ಕಾಲು...’ ಎಂದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳು ಅಳುವುದನ್ನು ನೋಡುವುದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮಗಳು ಸಿಡುಕಲಿಲ್ಲ, ಮಾತು ಬಿಡಲಿಲ್ಲ. ಒಂದು ಮಧ್ಯಾಹ್ನ ಅವನೇ ತಡೆಯಲಾರದೆ ಅವಳ ಹಾಸಿಗೆಯ ಅಂಚಿನಲ್ಲಿ ಕೂತು, ‘ನಿನ್ನ ಕಾಲಿಗೆ ಹೀಗೆ ಮಾಡಿಬಿಟ್ನಲ್ಲಮ್ಮ’ ಎಂದಾಗ, ಅವಳು ಅವನ ಕೈ ಹಿಡಿದುಕೊಂಡೇ ಹೇಳಿದಳು, ‘ಕಾಲು ಕೂಡುತ್ತೆ ಅಪ್ಪಾ. ಮೂಗು ಹೋಗಿದ್ದು ನಿನ್ನ ತಪ್ಪಾ? ಆದ್ರೆ ಆ ದೊಡ್ಡಪ್ಪ ಕೈ ಮುಗಿದಾಗ ನೀನು ಪರದೆ ಎಳೆದ್ಯಲ್ಲ, ಅದನ್ನ ನನಗೆ ಮರೆಯೋಕೆ ಆಗ್ತಿಲ್ಲ.’ ಅವನು ಹೂಂ ಎಂದ.

ಪ್ಲಾಸ್ಟರ್ ಬಿಚ್ಚಿ, ಕುಂಟು ಹೋಗಿ, ಅವಳು ಮತ್ತೆ ಕೆಲಸಕ್ಕೆ ಹೊರಡುವ ಬೆಳಿಗ್ಗೆ ಮೂಗಣ್ಣ ಬೇಗನೆ ಗ್ಯಾರೇಜಿಗೆ ಬಂದು ಆ ಗಾಡಿಯನ್ನು ತೊಳೆದು ಒರೆಸಿ ಬಾಗಿಲಲ್ಲಿ ನಿಲ್ಲಿಸಿದ್ದ. ಚೈನು, ಬ್ರೇಕು, ಟೈರಿನ ಗಾಳಿ, ಎಲ್ಲವನ್ನೂ ಎರಡೆರಡು ಸಲ ನೋಡಿದ್ದ. ಅವಳು ಹೊಸ ಐಸ್ ಡಬ್ಬಿಯನ್ನು ಹಿಂದೆ ಕಟ್ಟಿ, ಹೆಲ್ಮೆಟ್ ಹಾಕಿ, ಬೀಗದ ಕೈ ತಿರುಗಿಸಿ ಎಬ್ಬಿಸಿದಳು. ‘ಎಲ್ಲ ಸರಿಯಿದೆ ಮಗಳೇ, ನಾನೇ ನೋಡಿದೀನಿ’ ಎಂದ ಮೂಗಣ್ಣ.

ಅವಳು ಅಪ್ಪನಿಗೆ ನಕ್ಕಳು. ಆಮೇಲೆ, ಅವನಿಗೆ ನೋವಾಗದಿರಲಿ ಎಂದು ದನಿಯನ್ನು ಆದಷ್ಟು ಸಹಜ ಮಾಡಿಕೊಂಡು, ಅವನ ಹೆಗಲಾಚೆ ನೋಡುತ್ತ ಕೇಳಿದಳು, ‘ಮಾವ, ನೀನೂ ಒಂದ್ಸಲ ನೋಡಿದ್ಯಾ?’

ಮೀಟರ್ ಒಳಗೆ ಇನ್ನೊಂದು ಗಾಡಿಯ ಕೆಳಗಿದ್ದ, ಅವನಿಗೆ ಕೇಳಿಸಲಿಲ್ಲ. ಎಂಜಿನ್ ಓಡುತ್ತಲೇ ಇತ್ತು, ಅವಳು ಹೊರಡಲಿಲ್ಲ, ಉತ್ತರಕ್ಕೆ ಕಾದಳು. ಮೂಗಣ್ಣ ಒಳಗೆ ಹೋಗಿ, ಬಗ್ಗಿ ಭಾವಮೈದುನನ ಹೆಗಲು ಮುಟ್ಟಿ, ‘ಸ್ವಲ್ಪ ಬಾರಪ್ಪ, ಮಗಳ ಗಾಡಿ ನೋಡಿಬಿಡು’ ಎಂದು ಕರೆದ.